ಎರಡು ಲೈಸೆನ್ಸು, ಒಂದು ಜೀಪು

ಚಿಕ್ಕಪ್ಪ ಮಡಿಕೇರಿ ಕೋರ್ಟಿನಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಸೆಕ್ಷನ್ ನಂಬರ್ ಹೇಳದೆ ಅವರಿಗೆ ಮಧ್ಯಾಹ್ನದ ಊಟವೂ ಇಳಿಯುವುದಿಲ್ಲ. "ಎರಡು ಡಿಎಲ್ ಇಟ್ಟುಕೊಳ್ಳುವ ಹಾಗೇ ಇಲ್ಲ ಮಾರಾಯ್ತಿ. ಮೋಟಾರು ವಾಹನ ಕಾಯ್ದೆ, ಸೆಕ್ಷನ್ ಆರು. ಬ್ರಿಟನ್ನಿನದ್ದು ಇದೆಯಲ್ಲ, ಇಲ್ಲಿಯದ್ದನ್ನು ಯಾಕೆ ರಿನ್ಯೂವಲ್ ಮಾಡಿಸ್ತೀಯ?" ಎಂದರು. ಜನವರಿ, ರೊಬಸ್ಟಾ ಕುಯ್ಲಿನ ಸಮಯ. ಕಣದಲ್ಲಿ ಕಾಫಿ ಹರಡುತ್ತಿದ್ದವರು ಕೈ ನಿಲ್ಲಿಸಿ, ವಿದೇಶಕ್ಕೆ ಹೋದ ಹುಡುಗಿ ಏನೋ ಕಳ್ಳವ್ಯವಹಾರ ಮಾಡಿ ಬಂದಿದ್ದಾಳೆ ಎಂಬಂತೆ ನನ್ನ ಕಡೆ ನೋಡಿದರು.

ಚಿಕ್ಕಪ್ಪ ಹೇಳಿದ ಸೆಕ್ಷನ್ ಸುಳ್ಳಲ್ಲ. 1988ರ ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ ಚಾಲ್ತಿಯಲ್ಲಿರುವ ಒಂದು ಡಿಎಲ್ ಕೈಯಲ್ಲಿದ್ದಾಗ ಇನ್ನೊಂದನ್ನು ಇಟ್ಟುಕೊಳ್ಳುವಂತಿಲ್ಲ, ಎಲ್ಎಲ್ಆರ್ ಮುಂತಾದ ಕೆಲವನ್ನು ಬಿಟ್ಟು. ಆದರೆ ಡ್ರೈವಿಂಗ್ ಲೈಸೆನ್ಸ್ ಅಂದರೆ ಏನು ಎಂದು ಅದೇ ಕಾಯ್ದೆ 2ನೇ ಸೆಕ್ಷನ್ನಿನಲ್ಲಿ ಹೇಳುತ್ತದೆ: ಈ ಕಾಯ್ದೆಯ ಎರಡನೇ ಅಧ್ಯಾಯದಡಿ ಕೊಟ್ಟದ್ದು. ಮಡಿಕೇರಿಯಲ್ಲೊಂದು, ಮಂಗಳೂರಿನಲ್ಲೊಂದು ಮಾಡಿಸಿಕೊಂಡರೆ ತಪ್ಪು. ಬ್ರಿಟನ್ನಿನವರು ಅವರ ಕಾನೂನಿನಡಿ ಕೊಟ್ಟ ಕಾರ್ಡು ಈ ಲೆಕ್ಕಕ್ಕೆ ಬರುವುದಿಲ್ಲ. ಅವರಿಗೂ ಹಾಗೆಯೇ: ಭಾರತದ ಲೈಸೆನ್ಸನ್ನು ಅವರು ಬದಲಾಯಿಸಿ ಕೊಡುವ ಪದ್ಧತಿಯೇ ಇಲ್ಲ. ಬದಲಾಯಿಸುವುದಿಲ್ಲವಾದ್ದರಿಂದ ಕಿತ್ತುಕೊಳ್ಳುವುದೂ ಇಲ್ಲ. ಇದನ್ನೆಲ್ಲ ಹೇಳಿದ ಮೇಲೆ ಚಿಕ್ಕಪ್ಪ ಕನ್ನಡಕ ತೆಗೆದು ಒರೆಸಿಕೊಂಡರು. ಒಪ್ಪಿದರು ಅಂತಲ್ಲ, ವಿಚಾರಣೆ ಮುಂದಕ್ಕೆ ಹೋಯಿತು ಅಷ್ಟೇ.

ನನ್ನ ಮೊದಲ ಡಿಎಲ್ 2005ರದ್ದು, ಕೆಎ-12, ಮಡಿಕೇರಿ. ಕಲಿತದ್ದು ಡ್ರೈವಿಂಗ್ ಸ್ಕೂಲಿನಲ್ಲಲ್ಲ, ನಮ್ಮದೇ ತೋಟದಲ್ಲಿ, ಅಪ್ಪನ ಹಳೇ ಮಹೀಂದ್ರ ಜೀಪಿನಲ್ಲಿ. ಫಸ್ಟ್ ಗೇರ್ ಬೀಳಬೇಕಾದರೆ ಗಾಡಿ ಪೂರ್ತಿ ನಿಲ್ಲಬೇಕು, ಇಲ್ಲವೇ ಡಬಲ್ ಕ್ಲಚ್ ಗೊತ್ತಿರಬೇಕು. "ಗೇಟಿನ ಒಳಗೆ ಏನು ಬೇಕಾದರೂ ಗುದ್ದು, ಗೇಟು ದಾಟಬೇಡ" ಎನ್ನುವುದು ಅಪ್ಪನ ಕಾನೂನು. ಒಳಗೆ ಗುದ್ದಲು ಸಿಲ್ವರ್ ಮರಗಳು ಬೇಕಾದಷ್ಟಿದ್ದವು. ಟೆಸ್ಟಿಗೆ ಹೋದಾಗ ಬ್ರೇಕ್ ಇನ್ಸ್‌ಪೆಕ್ಟರು ಏರಿನಲ್ಲಿ ನಿಲ್ಲಿಸಿ ಹೊರಡಿಸಿದರು, ರಿವರ್ಸ್ ತೆಗೆಸಿದರು. "ಯಾರ ಮಗಳು?" ಎಂದು ಕೇಳಿ, ಚೇರಂಬಾಣೆ ಕಡೆಯವಳು ಎಂದಾಗ "ಹಾಗಾದರೆ ರಿವರ್ಸ್ ಬರಲೇಬೇಕು" ಎಂದು ನಕ್ಕರು. ಮಡಿಕೇರಿಯಿಂದ ಭಾಗಮಂಡಲಕ್ಕೆ ಹೋಗುವ ರಸ್ತೆಯಲ್ಲಿ ಓಡಾಡುವವರಿಗೆ ಆ ಮಾತು ಅರ್ಥವಾಗುತ್ತದೆ. ರಸ್ತೆಯಿಂದ ಒಳಕ್ಕೆ ತಿರುಗಿದರೆ ಒಂದೊಂದು ಮನೆಗೂ ಒಂದೇ ಗಾಡಿ ಹಿಡಿಯುವ ದಾರಿ. ಎದುರಿಗೊಬ್ಬರು ಬಂದರೆ ಯಾರಾದರೂ ಒಬ್ಬರು ಹಿಂದೆ ಹೋಗಲೇಬೇಕು.

ನರ್ಸ್ ಕೆಲಸಕ್ಕೆಂದು ವೇಲ್ಸಿಗೆ ಹೋದದ್ದು 2022ರ ಜುಲೈಯಲ್ಲಿ. ನೈಟ್ ಡ್ಯೂಟಿ ಮುಗಿಯುವ ಹೊತ್ತಿಗೆ ನಾನಿದ್ದ ಕಡೆಗೆ ಬಸ್ಸಿಲ್ಲ. ಕಾರು ಬೇಕೇ ಬೇಕು. ಭಾರತದ ಲೈಸೆನ್ಸಿನಲ್ಲಿ ಅಲ್ಲಿ ನೆಲೆಸಿದ ದಿನದಿಂದ 12 ತಿಂಗಳು ಓಡಿಸಬಹುದು, ನಮ್ಮ ಹಾಗೆ ಎಡಗಡೆಯೇ ಸಂಚಾರ. ಸೆಕೆಂಡ್ ಹ್ಯಾಂಡ್ ಕಾರು ತೆಗೆದುಕೊಂಡೆ. ಸಂಪಾಜೆ ಘಾಟಿಯಲ್ಲಿ ಮಂಜಿನಲ್ಲಿ ಇಳಿದವಳಿಗೆ ಇದೇನು ಮಹಾ ಅಂತ ನಿರಾಳವಾಗಿ ಓಡಿಸಿದೆ. ಇನ್ಶೂರೆನ್ಸ್ ಕಂಪನಿಯ ಲೆಕ್ಕದಲ್ಲಿ ಮಾತ್ರ ನನ್ನ ಹದಿನೇಳು ವರ್ಷದ ಚಾಲನೆ ಸೊನ್ನೆ. ಹೊಸಬಳಿಗೆ ಹಾಕುವ ರೇಟೇ ನನಗೂ.

ಅಲ್ಲಿಯ ಕಲಿಕಾ ಲೈಸೆನ್ಸ್ ಪಡೆದು, ಥಿಯರಿ ಮುಗಿಸಿ, ರಸ್ತೆ ಪರೀಕ್ಷೆಯ ದಿನ ಸಿಗುವಷ್ಟರಲ್ಲಿ 12 ತಿಂಗಳು ಕಳೆದೇಹೋಯಿತು. ಆಗ ಆದದ್ದನ್ನು ಅವ್ವನಿಗೆ ಫೋನಿನಲ್ಲಿ ಹೇಳಿದರೆ ನಂಬಲೇ ಇಲ್ಲ. ಭಾನುವಾರ ಒಬ್ಬಳೇ ಕಾರು ಓಡಿಸಿಕೊಂಡು ಆಸ್ಪತ್ರೆಗೆ ಹೋದವಳು ಸೋಮವಾರದಿಂದ ಎಲ್ ಬೋರ್ಡ್ ಹಾಕಿಕೊಳ್ಳಬೇಕು. ಪಕ್ಕದಲ್ಲಿ 21 ವರ್ಷ ದಾಟಿದ, ಮೂರು ವರ್ಷದಿಂದ ಪೂರ್ಣ ಲೈಸೆನ್ಸ್ ಇರುವ ಒಬ್ಬರು ಕೂತಿರಬೇಕು. ರಾತ್ರಿ ಬೆಳಗಾಗುವುದರೊಳಗೆ ಚಾಲನೆ ಮರೆತುಹೋಗುತ್ತದೆ ಎಂದು ಕಾನೂನು ತಿಳಿದಿರಬೇಕು. ವೇಲ್ಸಿನಲ್ಲಿ ಎಲ್ ಬದಲು ಡಿ ಅಕ್ಷರವನ್ನೂ ಹಾಕಬಹುದು, ಅವರ ಭಾಷೆಯ ಗೌರವಕ್ಕೆ. ನಾನು ಡಿ ಹಾಕಿಕೊಂಡೆ. ಸೋಲುವುದಾದರೆ ಸ್ಥಳೀಯಳಾಗಿಯೇ ಸೋಲೋಣ ಎಂದು. ಪಕ್ಕದಲ್ಲಿ ಕೂರಲು ನಮ್ಮ ವಾರ್ಡಿನ ಕಣ್ಣೂರಿನ ಚೇಚಿ ಒಪ್ಪಿದರು. ಮಾಕುಟ್ಟ ಘಾಟಿ ಹತ್ತಿ ವಿರಾಜಪೇಟೆಗೆ ಬಂದು ಹೋದವರು ಅವರು, ಆದ್ದರಿಂದ ನನ್ನ ಡ್ರೈವಿಂಗಿಗೆ ಹೆದರಲಿಲ್ಲ. ಹೆದರುವ ಬದಲು ದಾರಿಯುದ್ದಕ್ಕೂ ನಿದ್ದೆ ಮಾಡಲು ನೋಡುತ್ತಿದ್ದರು, ನಾನೇ ಎಬ್ಬಿಸುತ್ತಿದ್ದೆ.

ಥಿಯರಿಯಲ್ಲಿ 50 ಪ್ರಶ್ನೆ, 43 ಸರಿ ಇರಬೇಕು. ಅದಾದ ಮೇಲೆ ಕಂಪ್ಯೂಟರಿನಲ್ಲಿ ರಸ್ತೆಯ ವಿಡಿಯೋ ತುಣುಕುಗಳು. ಅಪಾಯ ಹುಟ್ಟುವುದನ್ನು ಎಷ್ಟು ಬೇಗ ಕಾಣುತ್ತೀರೋ ಅಷ್ಟು ಅಂಕ. ನನಗೆ ನಿಜಕ್ಕೂ ಮೆಚ್ಚುಗೆಯಾದದ್ದು ಇದೊಂದೇ. ನಿಂತ ಬಸ್ಸಿನ ಹಿಂದಿನಿಂದ ಮಗು ಓಡಿಬರಬಹುದು ಎನ್ನುವುದನ್ನು ಓದಿ ಕಲಿಯಲಾಗುವುದಿಲ್ಲ, ಕಣ್ಣು ಪಳಗಬೇಕು. ನಮ್ಮಲ್ಲಿ ಆ ಪಳಗಿಸುವ ಕೆಲಸ ಆನೆಯದ್ದು. ಸಂಜೆ ಆರರ ಮೇಲೆ ಸಿದ್ದಾಪುರದ ಕಡೆ ತಿರುವಿನಲ್ಲಿ ಬಿದಿರು ಅಲ್ಲಾಡಿದರೆ ಬ್ರೇಕಿನ ಮೇಲೆ ಕಾಲು ತಾನಾಗಿ ಹೋಗುತ್ತದೆ.

ರಸ್ತೆ ಪರೀಕ್ಷೆ ಸುಮಾರು 40 ನಿಮಿಷ. ಸಣ್ಣ ತಪ್ಪು 15ರವರೆಗೆ ಮಾಫಿ, ಗಂಭೀರವಾದದ್ದು ಒಂದಾದರೂ ಮನೆಗೆ. ಕನ್ನಡಿ ನೋಡಿದರೆ ಸಾಲದು, ನೋಡಿದ್ದು ಪರೀಕ್ಷಕರಿಗೆ ಕಾಣಬೇಕು. ಹಾಗಾಗಿ ಎಲ್ಲರೂ ಕುತ್ತಿಗೆ ತಿರುಗಿಸಿ ತಿರುಗಿಸಿ ನೋಡುತ್ತಾರೆ. ಆ ದಿನಗಳಲ್ಲೇ, 2023ರ ಸೆಪ್ಟೆಂಬರಿನಲ್ಲಿ, ವೇಲ್ಸಿನವರು ಊರೊಳಗಿನ ರಸ್ತೆಗಳ ವೇಗಮಿತಿಯನ್ನು ಗಂಟೆಗೆ 30 ಮೈಲಿಯಿಂದ 20ಕ್ಕೆ ಇಳಿಸಿದರು. ಊರಿಗೆ ಊರೇ ಬೈಯುತ್ತಿತ್ತು. 20 ಮೈಲಿ ಎಂದರೆ 32 ಕಿಲೋಮೀಟರ್. ನಮ್ಮ ರಸ್ತೆಯಲ್ಲಿ ಅದಕ್ಕಿಂತ ಹೆಚ್ಚು ಹೋದವರನ್ನು ಅವಸರದವರು ಅನ್ನುತ್ತೇವೆ. ನನಗೆ ಕಷ್ಟವಾದದ್ದು ಹಾರ್ನ್. ನಾವು ತಿರುವಿಗೊಂದು ಹಾರ್ನ್ ಹೊಡೆಯುತ್ತೇವೆ, ಹೊಡೆಯದಿದ್ದರೆ ಎದುರಿನವರಿಗೆ ಮೋಸ ಮಾಡಿದ ಹಾಗೆ. ಅಲ್ಲಿ ಹಾರ್ನ್ ಎಂದರೆ ಬೈಗುಳ. ಊರೊಳಗೆ ರಾತ್ರಿ ಹನ್ನೊಂದೂವರೆಯಿಂದ ಬೆಳಿಗ್ಗೆ ಏಳರವರೆಗೆ ಹೊಡೆಯುವ ಹಾಗೇ ಇಲ್ಲ.

ಪಾಸಾದೆ. ಆದರೂ ಎರಡು ವರ್ಷ ನಾನು ‘ಹೊಸ ಚಾಲಕಿ’. ಆ ಅವಧಿಯಲ್ಲಿ ದಂಡದ ಪಾಯಿಂಟು ಆರು ಸೇರಿದರೆ ಲೈಸೆನ್ಸ್ ರದ್ದು, ಉಳಿದವರಿಗಾದರೆ ಹನ್ನೆರಡು. ನಲವತ್ತು ದಾಟಿದ ಹೆಂಗಸು ಹದಿನೆಂಟರ ಹುಡುಗರ ಸಾಲಿನಲ್ಲಿ.

ಚಿಕ್ಕಪ್ಪನ ಮಗ ಜರ್ಮನಿಯಲ್ಲಿದ್ದಾನೆ, ಅವನ ಕಥೆ ಬೇರೆ. ಅಲ್ಲಿ ಸಿಗುವುದು ಆರು ತಿಂಗಳು ಮಾತ್ರ, ಥಿಯರಿ, ರಸ್ತೆ ಪರೀಕ್ಷೆ ಎರಡೂ ಪಾಸಾಗಬೇಕು, ಅದೂ ಬಲಗಡೆಯ ಸಂಚಾರದಲ್ಲಿ. ಎಲ್ಲ ಮುಗಿದು ಹೊಸ ಕಾರ್ಡು ಕೈಗೆ ಬರಬೇಕಾದರೆ ನಮ್ಮ ಕೆಎ-12 ಕಾರ್ಡನ್ನು ಕಚೇರಿಯಲ್ಲಿ ಒಪ್ಪಿಸಬೇಕು. ಒಪ್ಪಿಸಿ ಬಂದ. ‘ಕಳೆದುಹೋಯಿತು ಅಂತ ಕಂಪ್ಲೇಂಟ್ ಕೊಟ್ಟು ಡೂಪ್ಲಿಕೇಟ್ ತೆಗೆಸು’ ಎಂದು ಬುದ್ಧಿ ಹೇಳುವವರಿಗೆ ಊರಲ್ಲಿ ಬರವಿಲ್ಲ. ಅದು ಪೊಲೀಸರಿಗೆ ಸುಳ್ಳು ಹೇಳುವ ಕೆಲಸ, ಅವನು ಮಾಡಲಿಲ್ಲ. ಊರಿಗೆ ಬಂದರೆ ಎಡಗಡೆ ಸೀಟಿನಲ್ಲಿ ಕೂತು, ಓಡಿಸುವವರಿಗೆ ಸಲಹೆ ಕೊಡುತ್ತಾನೆ. ಸೆಕ್ಷನ್ ಆರರ ಮೇಲೆ ಚಿಕ್ಕಪ್ಪನಿಗೆ ಇಷ್ಟು ಪ್ರೀತಿ ಬಂದದ್ದು ಎಲ್ಲಿಂದ ಎನ್ನುವುದು ನನಗೆ ಆಮೇಲೆ ಹೊಳೆಯಿತು.

ನನ್ನದು ಕಳೆದ ಆಗಸ್ಟಿನಲ್ಲಿ ಮುಗಿದಿತ್ತು. ಆ ಕಾಲದ ಡಿಎಲ್‌ಗೆ 20 ವರ್ಷ ಅಥವಾ 50ರ ವಯಸ್ಸು, ಯಾವುದು ಮೊದಲೋ ಅಲ್ಲಿಯವರೆಗೆ ಆಯುಸ್ಸು. 2019ರ ತಿದ್ದುಪಡಿಯ ನಂತರ ನನ್ನ ವಯಸ್ಸಿನವರಿಗೆ 10 ವರ್ಷ. ಮುಗಿಯುವ ಒಂದು ವರ್ಷ ಮೊದಲೂ ಅರ್ಜಿ ಹಾಕಬಹುದು, ಮುಗಿದ ಮೇಲೆ ಒಂದು ವರ್ಷದೊಳಗೂ ಹಾಕಬಹುದು. ಅದನ್ನೂ ದಾಟಿದರೆ ಮತ್ತೆ ಟೆಸ್ಟು. ಇನ್ನೊಂದು ಟೆಸ್ಟನ್ನು ತಡೆದುಕೊಳ್ಳುವ ಶಕ್ತಿ ನನಗಿರಲಿಲ್ಲ. ಅವಧಿ ಮುಗಿದ ಡಿಎಲ್‌ನಲ್ಲಿ ಓಡಿಸುವಂತೆಯೂ ಇಲ್ಲ. ಜೇಬಿನಲ್ಲಿ ಬ್ರಿಟನ್ನಿನ ಕಾರ್ಡಿತ್ತು ನಿಜ, ಆದರೆ ಅದು ಇಲ್ಲಿ ನಡೆಯಬೇಕಾದರೆ 1949ರ ರಸ್ತೆ ಸಂಚಾರ ಒಪ್ಪಂದದ ಅಂತರರಾಷ್ಟ್ರೀಯ ಪರ್ಮಿಟ್ಟನ್ನು ಅಲ್ಲಿಂದಲೇ ಮಾಡಿಸಿ ತರಬೇಕು. ಹಾಗಾಗಿ ಮಡಿಕೇರಿಗೆ ಚಿಕ್ಕಪ್ಪನೇ ಕರೆದುಕೊಂಡು ಹೋದರು, ದಾರಿಯುದ್ದಕ್ಕೂ ಸೆಕೆಂಡ್ ಗೇರಿನಲ್ಲಿ.

ನಲವತ್ತು ದಾಟಿದವರಿಗೆ ಫಾರ್ಮ್ 1ಎ, ಅಂದರೆ ಡಾಕ್ಟರ ಸರ್ಟಿಫಿಕೇಟು ಬೇಕು. ನಮ್ಮ ಮನೆಯವರನ್ನೆಲ್ಲ ನೋಡುವ ಹಳೇ ಡಾಕ್ಟರು ಗೋಡೆಯ ಅಕ್ಷರ ಓದಿಸಿದರು, ಬಿಪಿ ನೋಡಿದರು. "ನಿನ್ನ ಆಸ್ಪತ್ರೆಯಲ್ಲಿ ಕಫ್ ಹೀಗೆ ಕಟ್ಟೋದಾ?" ಎಂದು ಕೇಳಿ ನನ್ನಿಂದ ಎರಡು ಮಾತು ಕಲಿತೆ ಎಂದರು.

ಮುಂದಿನ ಅರ್ಜಿ ಆನ್‌ಲೈನ್. ಸೈಬರ್ ಸೆಂಟರಿನ ಹುಡುಗ ಡಿಎಲ್ ನಂಬರ್, ಹುಟ್ಟಿದ ದಿನ ಎಲ್ಲ ಹಾಕಿ, "ಅಕ್ಕ, ಒಟಿಪಿ ಹೇಳಿ" ಎಂದ. ಒಟಿಪಿ ಹೋದದ್ದು ನನ್ನ ಹಳೇ ನಂಬರಿಗೆ. ಆ ಸಿಮ್ಮು ಈಗ ಅವ್ವನ ಫೋನಿನಲ್ಲಿದೆ. ಅವ್ವನ ಫೋನಿಗೆ ರೇಂಜ್ ಸಿಗುವುದು ಕಣದ ಮೂಲೆಯಲ್ಲಿ, ಪೇರಳೆ ಮರದ ಬುಡದಲ್ಲಿ ಮಾತ್ರ. ಪಕ್ಕದ ಮನೆಯ ಲ್ಯಾಂಡ್‌ಲೈನಿಗೆ ಫೋನ್ ಮಾಡಿ, ಅವರು ಬೇಲಿಯಿಂದ ಕೂಗಿ, ಅವ್ವ ಫೋನ್ ಹಿಡಿದುಕೊಂಡು ಪೇರಳೆ ಮರಕ್ಕೆ ಓಡಿ, ಮೆಸೇಜ್ ಬಂದು, ಅದನ್ನು ಓದಲು ಕನ್ನಡಕ ಒಳಗಿದೆ ಎಂದು ಗೊತ್ತಾಗಿ, ಕನ್ನಡಕ ಬರುವಷ್ಟರಲ್ಲಿ ಒಟಿಪಿಯ ಕಾಲ ಮುಗಿಯಿತು. ಮತ್ತೊಮ್ಮೆ ಕಳಿಸಿದೆವು. ಈ ಸಲ ಅವ್ವ ಸನ್ನದ್ಧರಾಗಿ ನಿಂತಿದ್ದರು. ಅಂಕಿಗಳನ್ನು ಒಂದೊಂದಾಗಿ, ಮೈಕಿನಲ್ಲಿ ಹರಾಜು ಕೂಗುವ ಧ್ವನಿಯಲ್ಲಿ ಹೇಳಿದರು. ಒಟಿಪಿ ಯಾರಿಗೂ ಹೇಳಬಾರದು ಅಂತ ಸರ್ಕಾರ ದಿನಕ್ಕೆ ಹತ್ತು ಮೆಸೇಜ್ ಕಳಿಸುತ್ತದೆ. ನನ್ನದನ್ನು ನಮ್ಮ ಕೆಲಸದವರೂ ಪಕ್ಕದ ಮನೆಯವರೂ ಕೇಳಿಸಿಕೊಂಡರು.

ಆರ್‌ಟಿಒ ಕಚೇರಿಯಲ್ಲಿ ಫೋಟೋ, ಸಹಿ. ಸಾಲಿನಲ್ಲಿ ಹಿಂದೆ ನಿಂತಿದ್ದ ಹಿರಿಯರೊಬ್ಬರು ಜಮ್ಮಾ ಹಿಡುವಳಿಯವರು, ಅಂದರೆ ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬಂದ ಭೂಮಿಯವರು. ಕಾಗದದ ಕಟ್ಟು ಬೀಸಿಕೊಳ್ಳುತ್ತಾ, "ಕೋವಿಗೆ ನಮಗೆ ಲೈಸೆನ್ಸ್ ಬೇಡ, ಈ ಪಿಕ್‌ಅಪ್ಪಿಗೆ ನೋಡಿ ಇಷ್ಟು ಕಾಗದ" ಎಂದರು. ಅವರ ಮಾತು ನಿಜ. ಕೊಡವರಿಗೂ ಜಮ್ಮಾ ಭೂಮಿಯವರಿಗೂ ಕೋವಿ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿದೆ. ಕೌಂಟರಿನಲ್ಲಿದ್ದ ಹೆಂಗಸಿಗೆ ಚಿಕ್ಕಪ್ಪ ತಡೆಯಲಾರದೆ ಸೆಕ್ಷನ್ ಆರರ ಪ್ರಶ್ನೆ ಕೇಳಿಯೇಬಿಟ್ಟರು. ಅವರು ಕಂಪ್ಯೂಟರಿನಿಂದ ಕಣ್ಣೆತ್ತದೆ, "ಸರ್, ಭಾರತದ್ದು ಒಂದೇ ಇದೆಯಲ್ಲ? ಸಾಕು" ಎಂದರು. ಚಿಕ್ಕಪ್ಪ ಹೊರಗೆ ಬಂದು ಕಾಫಿ ಕೊಡಿಸಿದರು.

ಯಾಕೆ ಇಷ್ಟು ಪಾಡು ಎಂದರೆ, ತೋಟದ ಮನೆಯಲ್ಲಿ ಗಾಡಿ ಓಡಿಸಲಾಗದವಳು ನೆಂಟಳು. ಬಸ್ಸು ನಿಲ್ಲುವುದು ಮುಖ್ಯ ರಸ್ತೆಯಲ್ಲಿ. ಅಪ್ಪ ಹೋದ ಮೇಲೆ ಅವ್ವ ಎಲ್ಲದಕ್ಕೂ ಯಾರ ಬಿಡುವನ್ನಾದರೂ ಕಾಯುತ್ತಾರೆ. ಮೈಸೂರಿನ ಆಸ್ಪತ್ರೆ ಮಡಿಕೇರಿಯಿಂದಲೇ 120 ಕಿಲೋಮೀಟರ್. ವರ್ಷಕ್ಕೊಮ್ಮೆ ಬರುವ ನಾನೂ ಅವರ ಜೊತೆ ಕೂತು ಕಾಯುವುದಾದರೆ ಬಂದು ಪ್ರಯೋಜನವೇನು? ಬ್ರಿಟನ್ನಿನ ಲೈಸೆನ್ಸ್ ಸಂಬಳಕ್ಕೆ ಬೇಕು. ಇದು ಅವ್ವನಿಗೆ ಬೇಕು.

ಕೆಲವು ದಿನಗಳಲ್ಲಿ ನವೀಕರಣವಾದದ್ದು ಮೊಬೈಲಿನಲ್ಲೇ ಕಂಡಿತು. ಕಾರ್ಡು ಅಂಚೆಯಲ್ಲಿ ಬರುವವರೆಗೆ ಡಿಜಿಲಾಕರಿನದ್ದು ತೋರಿಸಿದರೂ ಆಗುತ್ತದೆ. ಅವ್ವನನ್ನು ಕೂರಿಸಿಕೊಂಡು ಜೀಪು ತೆಗೆದೆ. ಸೊಸೈಟಿಗೆ ಹೋಗಿ ವಾಪಸು ಬರುವಾಗ ನಮ್ಮ ಏರಿನ ಅರ್ಧದಲ್ಲಿ, ಮೇಲಿನ ಹೋಂಸ್ಟೇಯಿಂದ ಇಳಿದು ಬಂದ ಬೆಂಗಳೂರಿನ ಕಾರೊಂದು ಎದುರಾಯಿತು. ಇಕ್ಕಟ್ಟಾದ ಗುಡ್ಡದ ದಾರಿಯಲ್ಲಿ ಇಳಿಯುವವರು ಹತ್ತುವವರಿಗೆ ದಾರಿ ಬಿಡಬೇಕು. ಭಾರತದ ನಿಯಮದಲ್ಲೂ ಅದೇ, ಬ್ರಿಟನ್ನಿನ ಪುಸ್ತಕದಲ್ಲೂ ಅದೇ, ಅಪ್ಪನ ಕಾನೂನಿನಲ್ಲೂ ಅದೇ. ಅವರ ಹಿಂದೆ ಹತ್ತು ಮಾರು ದೂರದಲ್ಲಿ ಅಗಲವಾದ ಜಾಗವೂ ಇತ್ತು. ಆ ಹುಡುಗ ಮಾತ್ರ ಹಾರ್ನ್ ಮೇಲೆ ಕೈಯಿಟ್ಟು ತೆಗೆಯಲಿಲ್ಲ. ಅವನಿಗೆ ರಿವರ್ಸ್ ಬರುವುದಿಲ್ಲ ಎನ್ನುವುದು ಅವನ ಸ್ಟಿಯರಿಂಗ್ ಹಿಡಿದ ರೀತಿಯಲ್ಲೇ ಗೊತ್ತಾಗುತ್ತಿತ್ತು. ನಾನು ಕುತ್ತಿಗೆ ತಿರುಗಿಸಿ, ಎರಡೂ ಕನ್ನಡಿ ನೋಡಿ, ತಿರುವಿನವರೆಗೂ ಹಿಂದೆ ಇಳಿಸಿದೆ. ಕಾರು ಹಾದುಹೋಗುವಾಗ ಒಳಗಿದ್ದವರು ಕೈ ಬೀಸಿದರು.

"ಅಷ್ಟೊಂದು ಯಾಕೆ ಅತ್ತ ಇತ್ತ ನೋಡ್ತೀಯ? ಕುತ್ತಿಗೆ ನೋವಾ?" ಎಂದು ಅವ್ವ ಕೇಳಿದರು. ಉತ್ತರಕ್ಕೆ ಕಾಯಲಿಲ್ಲ. "ನಾಳೆ ಬ್ಯಾಂಕಿಗೆ ಹೋಗಬೇಕು. ನಾಡಿದ್ದು ನಾಪೋಕ್ಲು ಸಂತೆ. ಮೈಸೂರಿಗೆ ಕಣ್ಣಿನ ಡಾಕ್ಟರ ಹತ್ತಿರ ಒಂದು ದಿನ ಇಟ್ಟುಕೋ. ಭಾಗಮಂಡಲದ ಅತ್ತೆ ಮನೆಗೆ ಹೋಗದೆ ಎಷ್ಟು ಕಾಲವಾಯ್ತು, ಆ ದಾರಿಯಲ್ಲೇ ತಲಕಾವೇರಿಗೂ ಹೋಗಿಬಿಡೋಣ." ಅಂಗಳಕ್ಕೆ ಬಂದು ಜೀಪು ನಿಲ್ಲಿಸುವಷ್ಟರಲ್ಲಿ ಚಿಕ್ಕಪ್ಪ ಬೇಲಿಯ ಆಚೆ ಕಾಯುತ್ತಿದ್ದರು, ಕೈಯಲ್ಲಿ ಎರಡು ಖಾಲಿ ಗೋಣಿಚೀಲ. "ಹೇಗೂ ಮಡಿಕೇರಿಗೆ ಹೋಗ್ತೀಯಲ್ಲ, ನನಗೂ ಕೋಳಿ ತಿಂಡಿ ತಂದುಬಿಡು."