ಜೋಗಿಮಟ್ಟಿಗೆ ಎರಡು ಕೆ.ಜಿ. ನವಣೆ

ದಾವಣಗೆರೆಯ ಬೆಣ್ಣೆ ದೋಸೆಗೆ ಒಂದು ದಿನ, ಚಿತ್ರದುರ್ಗದ ಕೋಟೆಗೆ ಇನ್ನೊಂದು ದಿನ ಹೋಯಿತು. ಎರಡರ ಬಗ್ಗೆಯೂ ಬರೆದವರು ಬೇಕಾದಷ್ಟು ಮಂದಿ ಇದ್ದಾರೆ. ಇಲ್ಲಿ ಹೇಳಬೇಕಿರುವುದು ಮೂರನೇ ದಿನ ಬೆಳಿಗ್ಗೆ ಸಂತೆಹೊಂಡದ ಹತ್ತಿರದ ಕಾಳಿನ ಅಂಗಡಿಯಲ್ಲಿ ಕಳೆದ ಅರ್ಧ ಗಂಟೆಯ ವಿಷಯ.

ಚಿತ್ರದುರ್ಗದ ಪಕ್ಕದ ಜೋಗಿಮಟ್ಟಿ ಗುಡ್ಡಕ್ಕೆ ಕ್ಯಾಮೆರಾ ಹೊತ್ತು ಹೊರಟದ್ದು ಆಷಾಢದಲ್ಲಿ. ಆಸುಪಾಸಿನ ಗುಡ್ಡಗಳ ನೆತ್ತಿಯ ಮೇಲೆ ಸಾಲುಗಟ್ಟಿ ನಿಂತ ಗಾಳಿಯಂತ್ರಗಳನ್ನು ನೋಡಿದರೆ ಸಾಕು, ಮೇಲೆ ಏನು ಕಾದಿದೆ ಎಂದು ಗೊತ್ತಾಗುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಇಂಥ ಗುಡ್ಡಗಳಲ್ಲಿ ಬಂದೂಕಿಗೆ ಕೆಲಸವಿಲ್ಲ. ಆದರೆ ಬೆಟ್ಟ ಹತ್ತುವ ಬೇಟೆಗಾರರು ಬಂದೂಕಿಗೆ ಆಸರೆ ಹುಡುಕುವಾಗ ಹಾಕುವ ಲೆಕ್ಕವೇ ಕ್ಯಾಮೆರಾಕ್ಕೂ ಸಾಕು: ಹೊರೆ ಹಗುರವಿರಬೇಕು, ಆಸರೆ ತಗ್ಗಿನಲ್ಲಿರಬೇಕು, ಮುಂದೆ ಒಂದು ಕಡೆ ಹಿಂದೆ ಒಂದು ಕಡೆ ಊರಿಕೊಂಡಿರಬೇಕು.

ಹಗುರ ಎಂದು ಆನ್‌ಲೈನಿನಲ್ಲಿ ತರಿಸಿದ 1.2 ಕೆ.ಜಿ.ಯ ಟ್ರೈಪಾಡ್ ಜೊತೆಗಿತ್ತು. ಕೋಟೆಯ ಮೇಲೆಯೇ ಅದರ ಬಣ್ಣ ಬಯಲಾಯಿತು. ಇಂಥವುಗಳ ಕೊನೆಯ ಕಾಲು ಪೆನ್ಸಿಲಿನಷ್ಟು ಸಣ್ಣ. ಪೂರ್ತಿ ಎಳೆದರೆ ಗಾಳಿಗೆ ತಂತಿಯಂತೆ ನಡುಗುತ್ತದೆ. ನಡುವಿನ ಕಂಬ ಎತ್ತಿದರಂತೂ ಮುಗಿಯಿತು, ಮೂರು ಕಾಲಿನ ಮೇಲೆ ಒಂಟಿ ಕಾಲು ನಿಲ್ಲಿಸಿದಂತೆ. ಭಾರಕ್ಕೆಂದು ಕೊಕ್ಕೆಗೆ ಬ್ಯಾಗು ನೇತುಹಾಕಿದರೆ ಆ ಬ್ಯಾಗೇ ಗಡಿಯಾರದ ಲೋಲಕದ ಹಾಗೆ ತೂಗಿ ಚಿತ್ರ ಕೆಡಿಸುತ್ತದೆ. ಬ್ಯಾಗಿನ ತಳ ನೆಲಕ್ಕೆ ತಾಗುವಷ್ಟು ಇಳಿಬಿಟ್ಟರೆ ಮಾತ್ರ ಉಪಯೋಗ. ಇಳಿಜಾರಿನಲ್ಲಿ ಎರಡು ಕಾಲು ಇಳಿಜಾರಿನ ಕೆಳಕ್ಕೆ, ಒಂದು ಮೇಲಕ್ಕೆ. ತಿರುಗುಮುರುಗಾದರೆ ಲೆನ್ಸಿನ ಭಾರಕ್ಕೆ ಕ್ಯಾಮೆರಾ ಸಮೇತ ಮಗುಚುತ್ತದೆ.

ಅದಕ್ಕೇ ಟ್ರೈಪಾಡಿನ ಬದಲು ಲೆನ್ಸಿಗೆ ಆಸರೆಯಾಗಿ ಕಾಳಿನ ಚೀಲ. ದಪ್ಪ ಕ್ಯಾನ್ವಾಸಿನದು, 35 ಸೆಂ.ಮೀ. ಉದ್ದ, 22 ಸೆಂ.ಮೀ. ಅಗಲ, ಎರಡು ಸಾಲು ಹೊಲಿಗೆ. ಖಾಲಿ ಒಯ್ದು, ಗುಡ್ಡದ ಬುಡದ ಊರಿನಲ್ಲಿ ತುಂಬಿಸಿಕೊಳ್ಳುವುದು. ಏನು ತುಂಬಬೇಕು ಎನ್ನುವುದರಲ್ಲೇ ಜಾಣತನವಿರುವುದು.

ಅಂಗಡಿಯ ಯಜಮಾನರಿಗೆ ಚೀಲ ತೋರಿಸಿದಾಗ ಅವರು ಮೊದಲು ನಕ್ಕರು.

"ಹಗುರ ಬೇಕು ಅಂತೀರಿ, ಮಂಡಕ್ಕಿ ತುಂಬ್ಕಂಡು ಹೋಗ್ರಲ್ಲ. ದಾವಣಗೇರಿಂದ ಬಂದೀರಿ ಬೇರೆ!"

"ಮೂರು ಕೆ.ಜಿ. ಲೆನ್ಸು ಇಟ್ರೆ ಪುಡಿಯಾಗ್ತದೆ ಯಜಮಾನ್ರೇ. ಮೇಲಾಗಿ ಚರಪರ ಸದ್ದು."

"ಶೇಂಗಾ?"

"ಕಾಳು ದಪ್ಪ. ಲೆನ್ಸಿನ ಅಡಿ ಕುಣಿ ಬೀಳಲ್ಲ, ಉರುಳ್ತದೆ."

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಮೂಲೆಯ ಚೀಲದಿಂದ ಒಂದು ಹಿಡಿ ನವಣೆ ತಂದು ಅಂಗೈಯಲ್ಲಿ ಹರಡಿದರು. ಹೆಬ್ಬೆರಳು ಒತ್ತಿದರು. ಬೆರಳಿನ ಗುರುತು ಹಾಗೇ ನಿಂತಿತು.

"ಇದು ನೀರಿದ್ದಂಗೆ ಸರೀತೈತೆ, ಒತ್ತಿದ್ರೆ ಕಲ್ಲಿದ್ದಂಗೆ ಕುಂತ್ಕಂತೈತೆ. ಇದ್ನ ತುಂಬ್ರಿ. ಹುಳ ಹಿಡಿಯದ್ರೊಳಗೆ ವಾಪಸ್ ತಂದ್ರೆ ತಗಂತೀನಿ, ಕೋಳಿಗೆ ಹಾಕಾಕೆ."

ನವಣೆ ಎರಡು ಕೆ.ಜಿ. ಸುರಿದಾಗ ಚೀಲ ಮೂರರಲ್ಲಿ ಎರಡು ಪಾಲು ತುಂಬಿತು. ಅಷ್ಟೇ ಸಾಕು. ಬಾಯಿಮಟ್ಟ ತುಂಬಿದರೆ ಚೀಲ ಬಿಗಿದ ಮದ್ದಳೆಯಾಗಿ ಲೆನ್ಸ್ ಅದರ ಮೇಲೆ ಹೊರಳಾಡುತ್ತದೆ. ಮರಳು ಪುಕ್ಕಟೆ ಸಿಗುತ್ತದೆ ನಿಜ, ಆದರೆ ಅಷ್ಟೇ ಜಾಗಕ್ಕೆ ತೂಕ ನವಣೆಯ ಎರಡರಷ್ಟು. ಹೊಲಿಗೆಯಲ್ಲಿ ಜಿನುಗಿದ ಒಂದು ಕಣ ಲೆನ್ಸಿನ ಉಂಗುರದೊಳಗೆ ಸೇರಿದರೆ ಕರಕರ ತಪ್ಪಿದ್ದಲ್ಲ. ಥರ್ಮಾಕೋಲ್ ಗುಳಿಗೆಗೆ ತೂಕವೇ ಇಲ್ಲ. ಆಷಾಢದ ಗಾಳಿ ಲೆನ್ಸಿಗಿಂತ ಮೊದಲು ಚೀಲವನ್ನೇ ಒಯ್ಯುತ್ತದೆ.

ಊರಿಂದ ಹೊರಟರೆ ಆಡುಮಲ್ಲೇಶ್ವರದ ಕಿರು ಮೃಗಾಲಯ ದಾಟಿ ರಸ್ತೆ ಏರುತ್ತದೆ. ಮುಂದಿನದು ಕಾಯ್ದಿಟ್ಟ ಕಾಡು. ಅರಣ್ಯ ಇಲಾಖೆಯ ಅನುಮತಿಯನ್ನು ಮೊದಲೇ ಪಡೆದಿರಬೇಕು. ಕರಡಿ, ಚಿರತೆಗಳ ಜಾಗವಾದ್ದರಿಂದ ಸಂಜೆಯಾಗುವ ಮುನ್ನ ಇಳಿಯುವುದು ಕ್ಷೇಮ.

ಅರ್ಧ ದಾರಿಯಲ್ಲಿ ಚೀಲದ ಜಿಪ್ ಬಾಯಿ ಬಿಟ್ಟಿತು. ಜಿಪ್ಪಿಗೆ ಜೋತುಬೀಳಬಾರದು, ಕಾಳನ್ನು ಒಳಗೊಂದು ಬಟ್ಟೆ ಚೀಲಕ್ಕೆ ತುಂಬಿ ಬಾಯಿ ಹೊಲಿದು, ಆಮೇಲೆ ಕ್ಯಾನ್ವಾಸಿಗೆ ಇಳಿಸಬೇಕು. ಅಂಗಡಿಯಲ್ಲಿ ಎರಡು ನಿಮಿಷದ ಕೆಲಸ, ದಾರಿಯಲ್ಲಿ ಹದಿನೈದು ನಿಮಿಷ ತಿಂದಿತು. ಕಾಡಿನಲ್ಲಿ ಚೆಲ್ಲಿದ ಕಾಳನ್ನು ಬಿಟ್ಟು ಬರುವಂತಿಲ್ಲ, ಹೆಕ್ಕಲೇಬೇಕು.

ಮೇಲೆ ಗಾಳಿ ಎಂದರೆ ಕಿವಿ ತುಂಬುವ ಗಾಳಿ. ಬಂಡೆಯ ಮರೆಯಲ್ಲಿ ಕುಳಿತು, ಚೀಲವನ್ನು ಬಂಡೆಯ ಮೇಲೆ ಹಾಕಿ, ನಡುವೆ ಮುಷ್ಟಿಯಿಂದ ಗುದ್ದಿ ತಗ್ಗು ಮಾಡಿ, ಆ ತಗ್ಗಿನಲ್ಲಿ ಲೆನ್ಸಿನ ಮುಂಭಾಗ ಕೂರಿಸಬೇಕು. ಕ್ಯಾಮೆರಾ ಹುಬ್ಬಿಗೆ ಒತ್ತಿರಲಿ, ಎಡಗೈ ಲೆನ್ಸಿನ ಬೆನ್ನ ಮೇಲೆ ಭಾರ ಬಿಡಲಿ. ಪಟಪಟ ಹೊಡೆಯುವ ಕೊರಳಪಟ್ಟಿಯನ್ನು ಕೈಗೆ ಸುತ್ತಿಕೊಳ್ಳಬೇಕು. ಎದುರು ಬಿಸಿಲಿಲ್ಲದಿದ್ದರೆ ಲೆನ್ಸಿನ ಹುಡ್ ತೆಗೆಯುವುದೇ ಮೇಲು, ಅದು ಗಾಳಿಗೆ ಹಾಯಿಪಟ. ಅಲುಗಾಟ ತಡೆಯುವ ಗುಂಡಿಯನ್ನು ಭದ್ರವಾದ ಟ್ರೈಪಾಡಿನ ಮೇಲೆ ಆರಿಸುವುದುಂಟು. ಚೀಲದ ಮೇಲೆ ಹಾಕಿಯೇ ಇರಲಿ. ಶಟರ್ ವೇಗ 1/1000 ಸೆಕೆಂಡಿಗೆ ಇಟ್ಟರೆ ಕೆಳಗಿನ ಕುರುಚಲಲ್ಲಿ ಓಡುವ ನವಿಲಿನ ಕಣ್ಣು ಚೂಪಾಗಿ ಸಿಗುತ್ತದೆ. ಟ್ರೈಪಾಡ್ ಬ್ಯಾಗಿನಿಂದ ಹೊರಗೆ ಬರಲಿಲ್ಲ.

ಜಗಳೂರಿನ ಕಡೆ ರಂಗಯ್ಯನದುರ್ಗದ ಕೊಂಡುಕುರಿ (ನಾಲ್ಕು ಕೊಂಬಿನ ಹುಲ್ಲೆ) ಧಾಮಕ್ಕೆ ಹೋಗುವವರಿಗೂ ಇದೇ ಚೀಲ ಸಾಕು. ಜೀಪಿನ ಕಿಟಕಿಯ ಮೇಲೆ ಹಾಕಿ, ಎಂಜಿನ್ ಆರಿಸಿ ತೆಗೆಯಬೇಕು; ಎಂಜಿನ್ನಿನ ನಡುಕವನ್ನು ನವಣೆಯೂ ತಡೆಯಲಾರದು.

ಸಂಜೆ ಅಂಗಡಿಗೆ ಹೋಗಿ ಕಾಳು ಸುರಿದಾಗ ಯಜಮಾನರು ತಕ್ಕಡಿಗೆ ಹಾಕಿ ನೋಡಿದರು.

"ಐವತ್ತು ಗ್ರಾಂ ಕಮ್ಮಿ ಐತಲ್ರೀ. ಗುಡ್ಡದ ಮ್ಯಾಲೆ ನವಿಲಿಗೆ ಹಾಕಿದ್ರೇನು?"

"ಜಿಪ್ ಕಿತ್ತೋಯ್ತು."

"ಬಾಯಿ ಹೊಲೀರಿ ಅಂತ ನೀವು ಕೇಳಿದ್ರೆ ಹೇಳ್ತಿದ್ದೆ" ಎಂದು ಆ ಐವತ್ತು ಗ್ರಾಮಿನ ದುಡ್ಡು ಹಿಡಿದುಕೊಂಡು ಉಳಿದದ್ದು ಕೊಟ್ಟರು.