ಮಳೆಯಲ್ಲೇ ಮನೆ ತೋರಿಸುವ ತಯಾರಿ: ಅಜ್ಜನ ಮನೆಯ ಕೆಲಸ ಎಲ್ಲಿಗೆ ಬಂತು

ಕಾಸರಗೋಡು ಜಿಲ್ಲೆಯ ಬದಿಯಡ್ಕ ಹತ್ತಿರದ ಅಜ್ಜನ ಮನೆ ಮಾರುವುದೆಂದು ಎಲ್ಲರೂ ಕೂತು ತೀರ್ಮಾನ ಮಾಡಿದ್ದು ಫೆಬ್ರವರಿಯಲ್ಲಿ. ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲು) ಗೋಡೆ, ಹಂಚಿನ ಮಾಡು, ಕೆಂಪು ನೆಲದ ಜಗಲಿ, 42 ಸೆಂಟ್ಸ್ ಜಾಗ. ಮೂರು ವರ್ಷ ಬೀಗ ಹಾಕಿಯೇ ಇತ್ತು. ಬೇಸಿಗೆಯಲ್ಲೇ ಒಂದು ಕೋಟ್ ಪೈಂಟ್ ಹೊಡೆಸಿ ಕೊಟ್ಟುಬಿಡಿ, ಮಳೆ ಹಿಡಿದರೆ ಯಾರೂ ಬರುವುದಿಲ್ಲ ಅಂತ ಬ್ರೋಕರ್ ಹೇಳಿದರು. ನನಗೆ ಸರಿ ಅನಿಸಲಿಲ್ಲ. ಕಾಸರಗೋಡಿನ ಕಡೆ ಮನೆ ಗಟ್ಟಿಯೋ ಅಲ್ಲವೋ ಅಂತ ಗೊತ್ತಾಗುವುದೇ ಜೂನ್ ಜುಲೈಯಲ್ಲಿ ಅಲ್ವಾ? ತೆಗೆದುಕೊಳ್ಳುವವರು ಮಳೆಯಲ್ಲೇ ಬಂದು ನೋಡಲಿ, ಅದಕ್ಕೆ ತಕ್ಕ ಹಾಗೆ ಕೆಲಸ ಮಾಡೋಣ ಅಂತ ಅಣ್ಣನನ್ನು ಒಪ್ಪಿಸಿದೆ.

ಮಾರ್ಚ್, ಮಾಡಿನ ಕೆಲಸ

ಮೊದಲು ಹಂಚು ಇಳಿಸಿದೆವು. ಪೂರ್ತಿ ಅಲ್ಲ, ಒಡೆದದ್ದು ಮತ್ತು ಪಾಚಿ ಕಟ್ಟಿದ್ದು ಮಾತ್ರ. ಕೆಲವು ಹಂಚಿನ ಅಡಿಯಲ್ಲಿ ಬಾಸೆಲ್ ಮಿಶನ್ ಮುದ್ರೆ ಇತ್ತು, 1865 ಅಂತ ಇಸವಿಯೂ ಇತ್ತು. ಅದು ಹಂಚು ಸುಟ್ಟ ವರ್ಷ ಅಲ್ಲ, ಮಂಗಳೂರಿನಲ್ಲಿ ಅವರ ಕಾರ್ಖಾನೆ ಶುರುವಾದ ವರ್ಷ. ಹಳೆಯ ಹಂಚಿನ ಪಕ್ಕ ಹೊಸದು ಇಡುವಾಗ ಅಳತೆ ಸ್ವಲ್ಪ ತಪ್ಪಿದರೂ ಕಚ್ಚಿ ಕೂರುವುದಿಲ್ಲ, ಆ ಸಂದಿಯಲ್ಲೇ ನೀರು ಇಳಿಯುತ್ತದೆ. ಹಾಗಾಗಿ ಹಿಂದಿನ ಕೊಟ್ಟಿಗೆಯ ಹಂಚು ತಂದು ಮನೆಗೆ ಹಾಕಿ, ಕೊಟ್ಟಿಗೆಗೆ ಹೊಸದು ಹಾಕಿದೆವು.

ಹಂಚು ಹೊರುವ ಮರದ ಪಕ್ಕಾಸುಗಳಲ್ಲಿ ಎರಡಕ್ಕೆ ಗೆದ್ದಲು ಹಿಡಿದಿತ್ತು. ಅವನ್ನು ಬದಲಿಸಿ, ಉಳಿದವಕ್ಕೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿದದ್ದು. ಅಜ್ಜನ ಕಾಲದಲ್ಲೂ ಇದನ್ನೇ ಬಳಿಯುತ್ತಿದ್ದರು. ಕೈಗೆ ಗ್ಲೌಸ್ ಬೇಕೇ ಬೇಕು, ಚರ್ಮಕ್ಕೆ ತಾಗಿದರೆ ಬೊಕ್ಕೆ ಬರುತ್ತದೆ. ಅಡುಗೆಮನೆ ಹಗಲಿನಲ್ಲೂ ಕತ್ತಲು ಇದ್ದದ್ದಕ್ಕೆ ನಾಲ್ಕು ಗಾಜಿನ ಹಂಚು ಹಾಕಿದೆವು. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಬದಲಾವಣೆ ತಂದ ಕೆಲಸ ಈ ಮನೆಯಲ್ಲಿ ಬೇರೆ ಇಲ್ಲ.

ಏಪ್ರಿಲ್, ಗೋಡೆ

ಇದಕ್ಕೇ ಜಾಸ್ತಿ ದಿನ ಹಿಡಿಯಿತು. ಹತ್ತು ವರ್ಷದ ಹಿಂದೆ ಒಬ್ಬರ ಮಾತು ಕೇಳಿ ಒಳಗಿನ ಗೋಡೆಗೆ ಪ್ಲಾಸ್ಟಿಕ್ ಪೈಂಟ್ ಹೊಡೆಸಿದ್ದೆವು. ಮುರಕಲ್ಲು ನೀರು ಹೀರುತ್ತದೆ, ಆಮೇಲೆ ನಿಧಾನಕ್ಕೆ ಬಿಡುತ್ತದೆ. ಮೇಲೆ ಪ್ಲಾಸ್ಟಿಕ್ ಪದರ ಇದ್ದರೆ ಆ ತೇವ ಹೊರಗೆ ಹೋಗಲು ದಾರಿಯೇ ಇಲ್ಲ, ಗುಳ್ಳೆ ಎದ್ದು ಹಪ್ಪಳದ ಹಾಗೆ ಬಿಟ್ಟುಕೊಳ್ಳುತ್ತದೆ, ಅದರ ಹಿಂದೆ ಬೂಷ್ಟು, ಆಮೇಲೆ ಆ ಮುಗ್ಗಲು ವಾಸನೆ. ಬಾಗಿಲು ತೆಗೆದ ಕೂಡಲೇ ಮೂಗಿಗೆ ಹೊಡೆಯುತ್ತಿದ್ದದ್ದು ಅದೇ. ಅದರ ಮೇಲೆ ಇನ್ನೊಂದು ಕೋಟ್ ಹೊಡೆದರೆ ಬರುವ ವರ್ಷ ಅನುಭವಿಸುವವರು ತೆಗೆದುಕೊಂಡವರು. ಅದು ನ್ಯಾಯ ಅಲ್ಲ.

ಪೈಂಟ್ ಪೂರ್ತಿ ಕೆರೆದು ತೆಗೆದೆವು, ಗೋಡೆ ಒಣಗಲು ಮೂರು ವಾರ ಕಿಟಕಿ ಬಾಗಿಲು ತೆಗೆದಿಟ್ಟೆವು, ನಂತರ ಸುಣ್ಣ. ನೀರಿನಲ್ಲಿ ನೆನೆದ ಸುಣ್ಣವನ್ನು ಬಟ್ಟೆಯಲ್ಲಿ ಸೋಸಿ, ಹಿಡಿದು ನಿಲ್ಲಲಿ ಅಂತ ಅಕ್ಕಿಯ ಗಂಜಿ, ಬಿಳುಪಿಗೆ ಚೂರು ನೀಲಿ. ಗೋಡೆಗೆ ಮೊದಲು ನೀರು ಚಿಮುಕಿಸಿ, ತೆಳ್ಳಗೆ ಮೂರು ಸಲ. ದಪ್ಪಕ್ಕೆ ಒಂದೇ ಸಲ ಬಳಿದರೆ ಪುಡಿಪುಡಿಯಾಗಿ ಉದುರುತ್ತದೆ. ಕಣ್ಣಿಗೆ ಕನ್ನಡಕ ಹಾಕಿಕೊಂಡೇ ಮಾಡಿ.

ಮೇ, ನೆಲ ಮತ್ತು ಬಾವಿ

ಜಗಲಿಯ ಕೆಂಪು ನೆಲವನ್ನು ಬರಿ ಸೋಪಿನ ನೀರಿನಲ್ಲಿ ತೊಳೆದು, ಒಣಗಿಸಿ, ವ್ಯಾಕ್ಸ್ ಪಾಲಿಶ್ ಹಾಕಿ ಹಳೆಯ ಬೈರಾಸಿನಿಂದ (ಟವೆಲ್) ಉಜ್ಜಿದೆವು. ತೆಂಗಿನೆಣ್ಣೆ ಹಾಕಿದರೂ ಹೊಳಪು ಬರುತ್ತದೆ, ಆದರೆ ಧೂಳು ಅಂಟುತ್ತದೆ. ಒಂದು ತಪ್ಪಾಯಿತು. ಹಿತ್ತಾಳೆಯ ದೀಪ, ತಾಮ್ರದ ಹಂಡೆ ಎಲ್ಲ ಬಿಂಬುಳಿ ಅನ್ನುವ ಹುಳಿ ಕಾಯಿ ಹಾಕಿ ಜಗಲಿಯಲ್ಲೇ ತಿಕ್ಕಿದೆ. ಪಾತ್ರೆ ಫಳಫಳ ಆಯಿತು, ಆದರೆ ಹುಳಿ ಬಿದ್ದಲ್ಲೆಲ್ಲ ನೆಲ ಮಂಕಾಯಿತು. ಎರಡು ಸಲ ಪಾಲಿಶ್ ಹಾಕಿದ ಮೇಲೂ ಬೆಳಕಿಗೆ ಓರೆಯಾಗಿ ನೋಡಿದರೆ ಕಾಣುತ್ತದೆ. ಹುಳಿಯ ಕೆಲಸ ಅಂಗಳದಲ್ಲೇ ಮಾಡಿ.

ಬಾವಿಯ ಕೆಸರು ತೆಗೆಸಿ, ಹೊಸ ನೀರು ತುಂಬಿದ ಮೇಲೆ ಬ್ಲೀಚಿಂಗ್ ಪೌಡರ್. 1,000 ಲೀಟರಿಗೆ 2.5 ಗ್ರಾಂ ಲೆಕ್ಕ. ನಮ್ಮ ಬಾವಿ 8 ಅಡಿ ಅಗಲ, ನೀರು 10 ಅಡಿ, ಅಂದರೆ ಸುಮಾರು 14,000 ಲೀಟರ್, 35 ಗ್ರಾಂ ಸಾಕು. ಪುಡಿಯನ್ನು ಸುಮ್ನೆ ಮೇಲಿಂದ ಸುರಿಯಬಾರದು. ಬಕೆಟಿನಲ್ಲಿ ಕಲಸಿ, ಗಸಿ ತಳಕ್ಕೆ ಕೂತ ಮೇಲೆ ತಿಳಿಯನ್ನು ಮಾತ್ರ ಕೊಡಪಾನದಲ್ಲಿ ಇಳಿಸಿ ಮೇಲೆ ಕೆಳಗೆ ಆಡಿಸಬೇಕು. ಒಂದು ಗಂಟೆ ಬಿಟ್ಟು ನೀರು ಸೇದಬಹುದು.

ಕಾಗದಪತ್ರ ಅಣ್ಣ ನೋಡಿಕೊಂಡ. ಅಜ್ಜನ ಕಾಲದ ಕ್ರಯಪತ್ರ ಕನ್ನಡದಲ್ಲಿದೆ, ಆಗ ನಾವು ದಕ್ಷಿಣ ಕನ್ನಡಕ್ಕೆ ಸೇರಿದ್ದೆವು, ಈಗ ಕೇರಳ. ಈಗಿನ ತೀರ್ವೆ (ಭೂಕಂದಾಯ) ರಶೀದಿ, ಋಣಭಾರ ಪತ್ರ ಮಲಯಾಳದಲ್ಲಿವೆ. ಪುತ್ತೂರು, ವಿಟ್ಲ ಕಡೆಯಿಂದ ಬರುವವರಿಗೆ ಓದಲು ಆಗುವುದಿಲ್ಲ ಅಂತ ಎಲ್ಲದರ ಸಾರವನ್ನು ಕನ್ನಡದಲ್ಲಿ ಒಂದು ಹಾಳೆಯಲ್ಲಿ ಬರೆದು ಫೈಲಿನ ಮೇಲೆ ಇಟ್ಟಿದ್ದಾನೆ. ಕೇರಳದಲ್ಲಿ ಸ್ಟ್ಯಾಂಪಿಗೆ 8%, ರಿಜಿಸ್ಟ್ರೇಶನ್‌ಗೆ 2% ಬೀಳುತ್ತದೆ ಅಂತಲೂ ಅದರಲ್ಲೇ ಇದೆ. ಕೊನೆಗೆ ಗೊತ್ತಾದರೆ ಬೇಜಾರು.

ಜೂನ್, ಮೊದಲು ಬಂದವರು

ಮೊನ್ನೆ ಧಾರಾಕಾರ ಮಳೆ. ವಿಟ್ಲದಿಂದ ಗಂಡ ಹೆಂಡತಿ ಬಂದರು. ಅವರು ಜಗಲಿಯ ಹೊಳಪನ್ನು ನೋಡಲೇ ಇಲ್ಲ. ಆಕೆ ನೇರ ಉಗ್ರಾಣಕ್ಕೆ ಹೋಗಿ ಮೂಲೆಯ ಗೋಡೆಗೆ ಅಂಗೈ ಒತ್ತಿ ಹಿಡಿದು ನಿಂತರು. ಕೈ ತೆಗೆದು ನೋಡಿ, ಒಣಗಿದೆ ಅಂದರು. ಆ ಒಂದು ಮಾತಿಗೆ ಏಪ್ರಿಲ್ ಇಡೀ ಕೆರೆದ ಸುಸ್ತು ಹೋಯಿತು. ಅಟ್ಟದ ಮೇಲೆ ಒಂದು ಕಡೆ ನೀರು ತೊಟ್ಟಿಕ್ಕುತ್ತಿತ್ತು, ನಾನೇ ಕರೆದುಕೊಂಡು ಹೋಗಿ ತೋರಿಸಿದೆ. ಮುಂದಿನ ಭಾನುವಾರ ಅವರ ಅಪ್ಪನನ್ನು ಕರೆದುಕೊಂಡು ಬರುತ್ತಾರಂತೆ. ನಾಳೆ ಮಳೆ ಸ್ವಲ್ಪ ಬಿಟ್ಟರೆ ಏಣಿ ಹಾಕಿ ಆ ಹಂಚು ಬದಲಿಸಬೇಕು, ಕೊಟ್ಟಿಗೆಯಲ್ಲಿ ಅದೇ ಅಳತೆಯದ್ದು ಇನ್ನೂ ಆರು ಉಳಿದಿದೆ.