ಹ್ಯಾರಿ ಪಾಟರ್ ಹೊಸ ಸರಣಿಯಲ್ಲಿ ನಾನು ಕಾಯುತ್ತಿರುವ ಒಂದು ದೃಶ್ಯ

ಹಾಸನದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಎರಡು ಬೀರು ತುಂಬ ಪುಸ್ತಕ ಇವೆ. ಬೀದಿಯ ಮಕ್ಕಳು ಬಂದು ತಗೊಂಡು ಹೋಗುತ್ತಾರೆ, ಓದಿ ತಂದುಕೊಡುತ್ತಾರೆ. ಆಗಲೇ ಸಿನಿಮಾಗಳಾಗಿ ಬಂದಿರುವ ಹ್ಯಾರಿ ಪಾಟರ್ ಕಥೆಯನ್ನು ಅಮೆರಿಕದ ಟಿವಿ ಸಂಸ್ಥೆ ಎಚ್‌ಬಿಒದವರು ಮತ್ತೆ ಮೊದಲಿನಿಂದ ಸರಣಿಯಾಗಿ ಮಾಡುತ್ತಾರೆ, ಒಂದೊಂದು ಪುಸ್ತಕಕ್ಕೆ ಒಂದೊಂದು ಸೀಸನ್ ಎಂದು 2023ರಲ್ಲಿ ಸುದ್ದಿ ಬಂತು. 2025ರಲ್ಲಿ ಶೂಟಿಂಗೂ ಶುರುವಾಯಿತು. ಆವಾಗಿನಿಂದ ಮಕ್ಕಳದ್ದು ಒಂದೇ ಪ್ರಶ್ನೆ: "ಆಂಟಿ, ಸಿನಿಮಾದಲ್ಲಿ ಬಿಟ್ಟುಬಿಟ್ಟರಲ್ಲ, ಅದರಲ್ಲಿ ಯಾವ ಸೀನ್ ಈ ಸಲ ಬರಬೇಕು?"

ಅವರವರ ಆಸೆ ಅವರವರಿಗೆ. ತುಂಬಾ ಮಕ್ಕಳಿಗೆ ಪೀವ್ಸ್ ಬೇಕು. ಹ್ಯಾರಿ ಓದುವ ಮಾಂತ್ರಿಕರ ಶಾಲೆಯ ತುಂಬ ತರಲೆ ಮಾಡಿಕೊಂಡು ತಿರುಗುವ ದೆವ್ವ ಅದು. ಮೊದಲ ಸಿನಿಮಾಕ್ಕೆ ನಟ ರಿಕ್ ಮೇಯಲ್ ಆ ಪಾತ್ರ ಮಾಡಿದ್ದರು, ಆಮೇಲೆ ಪೂರ್ತಿ ಕತ್ತರಿಸಿದರು. ಎದುರು ಮನೆ ಹುಡುಗಿಗೆ ಮೊದಲ ಪುಸ್ತಕದ ಏಳು ಸೀಸೆಗಳ ಒಗಟು ಬೇಕು. ಮೂರರಲ್ಲಿ ವಿಷ, ಎರಡರಲ್ಲಿ ಬರೀ ವೈನ್, ಒಂದು ಕುಡಿದರೆ ಬೆಂಕಿ ದಾಟಿ ಮುಂದೆ ಹೋಗಬಹುದು, ಇನ್ನೊಂದು ಕುಡಿದರೆ ವಾಪಸ್ ಬರಬಹುದು. ಹ್ಯಾರಿಯ ಗೆಳತಿ ಹರ್ಮಯೊನಿ ಮಂತ್ರದಂಡ ಎತ್ತದೆ ಬರೀ ತಲೆ ಓಡಿಸಿ ಅದನ್ನು ಬಿಡಿಸುತ್ತಾಳೆ. ಆ ಹುಡುಗಿಗೆ ಗಣಿತ ಎಂದರೆ ಪ್ರಾಣ. ಅವಳ ಆಸೆ ನನಗೂ ಇಷ್ಟವಾಯಿತು.

ನಾನು ಕಾಯುತ್ತಿರುವುದು ಮಾತ್ರ ಐದನೇ ಪುಸ್ತಕದ ಒಂದು ಚೂಯಿಂಗ್ ಗಮ್ ಕಾಗದಕ್ಕೆ.

ಓದದವರಿಗಾಗಿ ಹೇಳುತ್ತೇನೆ. ನೆವಿಲ್ ಹ್ಯಾರಿಯ ತರಗತಿಯ ಹುಡುಗ. ಅವನು ಕೂಸಾಗಿದ್ದಾಗ ಶತ್ರುಗಳು ಅವನ ಅಪ್ಪ ಅಮ್ಮನಿಗೆ ನೋವಿನ ಮಂತ್ರ ಹಾಕಿ, ಬುದ್ಧಿ ಕಳೆದುಕೊಳ್ಳುವವರೆಗೂ ಹಿಂಸೆ ಕೊಟ್ಟಿರುತ್ತಾರೆ. ಅವನನ್ನು ಸಾಕಿದ್ದು ಅಜ್ಜಿ. ಕ್ರಿಸ್‌ಮಸ್ ರಜೆಯಲ್ಲಿ ಹ್ಯಾರಿ ಮತ್ತು ಅವನ ಗೆಳೆಯರು ಮಾಂತ್ರಿಕರ ಆಸ್ಪತ್ರೆಗೆ ಹೋಗಿ, ಅಲ್ಲಿ ಇಲ್ಲಿ ಸುತ್ತುತ್ತಾ ಅಕಸ್ಮಾತ್ತಾಗಿ ಬೀಗ ಹಾಕಿದ ಒಂದು ವಾರ್ಡಿನೊಳಗೆ ಬರುತ್ತಾರೆ. ಅಲ್ಲಿ ನೆವಿಲ್ ಇದ್ದಾನೆ, ಅಜ್ಜಿಯ ಜೊತೆ. ಅವನು ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ವಿಷಯ ಎಲ್ಲರ ಮುಂದೆ ಬಯಲಾಗುತ್ತದೆ. ಆಗ ಅವನ ಅಮ್ಮ ನೈಟಿ ಹಾಕಿಕೊಂಡು ಕಾಲೆಳೆಯುತ್ತಾ ಬರುತ್ತಾಳೆ. ಕೂದಲು ಬೆಳ್ಳಗಾಗಿದೆ. ಮಾತಿಲ್ಲ. ಕೈ ಚಾಚುತ್ತಾಳೆ. ನೆವಿಲ್ ಅಂಗೈ ಒಡ್ಡಿದರೆ ಅದರಲ್ಲಿ ಒಂದು ಖಾಲಿ ಗಮ್ ಕಾಗದ ಬೀಳುತ್ತದೆ. "ಥ್ಯಾಂಕ್ಸ್ ಅಮ್ಮಾ" ಎನ್ನುತ್ತಾನೆ ಮೆಲ್ಲಗೆ. ಅಜ್ಜಿ ಅದನ್ನು ಕಸದ ಬುಟ್ಟಿಗೆ ಹಾಕು ಎನ್ನುತ್ತಾಳೆ, ಇಷ್ಟು ದಿನ ಕೊಟ್ಟಿದ್ದರಲ್ಲಿ ನಿನ್ನ ರೂಮಿನ ಗೋಡೆಗೆಲ್ಲಾ ಅಂಟಿಸಬಹುದು ಅಂತ. ಹೊರಡುವಾಗ ನೆವಿಲ್ ಅದನ್ನು ಜೇಬಿಗೆ ಹಾಕಿಕೊಂಡಿದ್ದು ಹ್ಯಾರಿಯ ಕಣ್ಣಿಗೆ ಬೀಳುತ್ತದೆ. ಅಷ್ಟೇ.

ಅರಕಲಗೂಡಿನ ಕಡೆ ನನ್ನ ತಾಯಿಯ ಊರು. ಅಲ್ಲಿ ನಮ್ಮಜ್ಜಿಗೆ ಕೊನೆಯ ಮೂರು ವರ್ಷ ಮರೆವು ಹತ್ತಿತ್ತು. ನಾನು ಯಾರೆಂದು ಗೊತ್ತಾಗುತ್ತಿರಲಿಲ್ಲ. ಆದರೆ ಹೊರಟು ನಿಂತರೆ ಸಾಕು, ಎಲೆಅಡಿಕೆ ಚೀಲದಿಂದ ಏನೋ ತೆಗೆದು ಕೈಗೆ ತುರುಕುತ್ತಿದ್ದರು. "ಬಸ್ಸಿಗೆ ಇಟ್ಕ ಮಗ." ಬಿಚ್ಚಿದರೆ ಕ್ಯಾಲೆಂಡರಿನಿಂದ ಹರಿದ ಒಂದು ಹಾಳೆ. ನೋಟು ಮಡಿಚುವ ಹಾಗೆ ನಾಲ್ಕು ಮಡಿಕೆ ಮಾಡಿರುತ್ತಿದ್ದರು. ತುದಿಯಲ್ಲಿ ಸುಣ್ಣದ ಕಲೆ. "ಬಿಸಾಕು ಅದನ್ನ, ಹೊತ್ತಾಯ್ತು" ಎನ್ನುತ್ತಿದ್ದರು ಅಮ್ಮ. ಅಮ್ಮನ ಮೇಲೆ ತಪ್ಪು ಹೊರಿಸುತ್ತಿಲ್ಲ. ಹಗಲೂ ರಾತ್ರಿ ನೋಡಿಕೊಂಡವರು ಅವರೇ. ನಾನು ಪ್ರತಿ ಸಲ ಬಸ್ಸಿನ ಕಿಟಕಿಯಿಂದ ಬಿಸಾಕಿದೆ.

ಅಜ್ಜಿ ತೀರಿಕೊಂಡ ಮೇಲೆ, ಹಾಸ್ಟೆಲ್ಲಿನಲ್ಲಿ ಗೆಳತಿಯ ಪುಸ್ತಕ ಓದುವಾಗ ಈ ಪುಟ ಬಂತು. ಮುಂದೆ ಓದಲು ಆಗಲಿಲ್ಲ.

ಅದಕ್ಕೇ ಐದನೇ ಸಿನಿಮಾ ನೋಡುವಾಗ ಇದೊಂದಕ್ಕೇ ಕಾದೆ. ಬರಲಿಲ್ಲ. ನೆವಿಲ್ ಒಂದು ಫೋಟೋದ ಮುಂದೆ ನಿಂತು ಅಪ್ಪ ಅಮ್ಮನ ವಿಷಯ ಹ್ಯಾರಿಗೆ ಹೇಳುತ್ತಾನೆ, ಮುಗಿಯಿತು. ಏಳರಲ್ಲಿ ಎಲ್ಲಕ್ಕಿಂತ ದಪ್ಪ ಪುಸ್ತಕ ಅದು, 38 ಅಧ್ಯಾಯ. ಸಿನಿಮಾ 138 ನಿಮಿಷ. ಏನಾದರೂ ಬಿಡಲೇಬೇಕಿತ್ತು, ಒಪ್ಪುತ್ತೇನೆ. ಆದರೆ ಹೇಳುವುದೇ ಬೇರೆ, ಆ ಕಾಗದವನ್ನು ನೋಡುವುದೇ ಬೇರೆ, ಅಲ್ವಾ?

"ಅದರಲ್ಲಿ ಮ್ಯಾಜಿಕ್ಕೇ ಇಲ್ಲವಲ್ಲ ಆಂಟಿ" ಎಂದು ಒಬ್ಬ ಹುಡುಗ ಕೇಳಿದ. ಇಲ್ಲ, ನಿಜ. ಹ್ಯಾರಿಯ ತೋಳಿನ ಮೂಳೆಗಳೆಲ್ಲಾ ಮಾಯವಾದಾಗ ಒಂದೇ ರಾತ್ರಿಯಲ್ಲಿ ಮತ್ತೆ ಬೆಳೆಸಿದ ಔಷಧಿ ಆ ಲೋಕದಲ್ಲಿದೆ. ಅಂಥಾ ಲೋಕದಲ್ಲೂ ನೆವಿಲ್‌ನ ಅಮ್ಮನಿಗೆ ಮಗನ ಗುರುತು ತಂದುಕೊಡುವ ಮದ್ದಿಲ್ಲ. ಡ್ರ್ಯಾಗನ್ ಎಷ್ಟು ದೊಡ್ಡದು ಮಾಡಿದರೂ ಈ ವಾರ್ಡಿನ ಮುಂದೆ ಸಣ್ಣದೇ. ಬೇಲೂರಿಗೆ ಹೋದರೆ ಗೈಡ್‌ಗಳು ಅಷ್ಟು ದೊಡ್ಡ ಗುಡಿಯಲ್ಲಿ ನಮ್ಮನ್ನು ನಿಲ್ಲಿಸಿ, ಹಲಸಿನ ಹಣ್ಣಿನ ಮೇಲೆ ಕೂತ ನೊಣವನ್ನೂ ಅದಕ್ಕೆ ಹೊಂಚು ಹಾಕಿದ ಹಲ್ಲಿಯನ್ನೂ ತೋರಿಸುತ್ತಾರೆ. ಆ ಕೆತ್ತಿದವನಿಗಿದ್ದ ತಾಳ್ಮೆ ಈ ಸರಣಿಯವರಿಗೂ ಇರಲಿ.

ಇನ್ನೊಂದು ಮಾತು. ಈ ದೃಶ್ಯ ಐದನೇ ಸೀಸನ್ನಿನದಾದರೂ ಅದರ ಕೆಲಸ ಮೊದಲನೇ ಸೀಸನ್ನಿನಲ್ಲೇ ಶುರುವಾಗಬೇಕು. ನೆವಿಲ್ ಮರೆಗುಳಿ. ಕಪ್ಪೆ ಕಳೆದುಕೊಳ್ಳುತ್ತಾನೆ. ಅಜ್ಜಿ ಅವನಿಗೊಂದು ಗಾಜಿನ ಗುಂಡು ಕಳಿಸುತ್ತಾಳೆ, ಏನಾದರೂ ಮರೆತಿದ್ದರೆ ಅದು ಕೆಂಪಾಗುತ್ತದೆ. ಕೆಂಪಾಗುತ್ತದೆ, ಏನು ಮರೆತೆ ಅಂತ ಅವನಿಗೆ ಗೊತ್ತಾಗಲ್ಲ. ಎಲ್ಲರೂ ನಗುತ್ತಾರೆ, ನಾವೂ ನಗುತ್ತೇವೆ. ನಗಲಿ. ಆ ನಗುವನ್ನು ನಾಲ್ಕು ಸೀಸನ್ ಹಾಗೇ ಬೆಳೆಯಲು ಬಿಡಬೇಕು. ಮರೆವಿಗೆ ಬೈಸಿಕೊಂಡ ಹುಡುಗನನ್ನು ಹೆತ್ತವರೇ ಮರೆತಿದ್ದಾರೆ ಎಂದು ಆ ವಾರ್ಡಿನಲ್ಲಿ ಗೊತ್ತಾದಾಗ, ನಮ್ಮ ನಗು ನಮ್ಮ ಗಂಟಲಲ್ಲೇ ಸಿಕ್ಕಿಕೊಳ್ಳಬೇಕು.

ನೆವಿಲ್‌ನ ಅಜ್ಜಿಯನ್ನು ಕೆಟ್ಟವಳಾಗಿ ಮಾಡಬಾರದು. ಅವಳಿಗೆ ಸುಸ್ತಾಗಿದೆ, ಅಷ್ಟೇ. ಪಿಟೀಲು ಬೇಡ, ಹಿನ್ನೆಲೆ ಸಂಗೀತವೇ ಬೇಡ. ಅಮ್ಮ ವಾಪಸ್ ಹೋಗುವಾಗ ಗುನುಗುತ್ತಾಳೆ ಎಂದು ಪುಸ್ತಕದಲ್ಲೇ ಇದೆ, ಅದೊಂದೇ ಕೇಳಲಿ. ಮಿಕ್ಕವರು ಸುಮ್ನೆ ನಿಂತಿರಲಿ. ಕಾಗದವನ್ನೂ ಹತ್ತಿರದಿಂದ ದೊಡ್ಡದಾಗಿ ತೋರಿಸುವುದು ಬೇಡ. ಬಾಗಿಲು ಮುಚ್ಚುತ್ತಿರುವಾಗ, ಹ್ಯಾರಿ ನಿಂತ ಜಾಗದಿಂದ, ಆ ಕೈ ಜೇಬಿನ ಕಡೆ ಹೋಗುವುದು ಅರ್ಧ ಕಂಡರೆ ಸಾಕು.